ಇಬ್ಬರ ಓಟ, ಇಬ್ಬರ ನಡಿಗೆ

ಮ್ಯಾರಥಾನ್ ಓಟ 42.195 ಕಿ.ಮೀ. ಇರುತ್ತದೆ. ಅದಕ್ಕಿಂತ ಉದ್ದದ ಓಟಕ್ಕೆ ಅಲ್ಟ್ರಾ ಮ್ಯಾರಥಾನ್ ಎನ್ನುತ್ತಾರೆ. ಇದನ್ನು ಕಾಡು, ಗುಡ್ಡದ ಕಾಲುದಾರಿಯಲ್ಲೂ ಓಡುತ್ತಾರೆ. ಕಡಿದಾದ ಏರಿನಲ್ಲಿ ಎಂಥ ಓಟಗಾರರೂ ನಡೆದೇ ಹತ್ತುತ್ತಾರೆ. ಯುರೋಪಿನ ಆಲ್ಪ್ಸ್ ಪರ್ವತದಲ್ಲಿ 2005ರಲ್ಲಿ ಟ್ರಾನ್ಸ್‌ಆಲ್ಪೈನ್ ರನ್ ಶುರುವಾಯಿತು. ಸುಮಾರು ಒಂದು ವಾರದ ಓಟ. ಇಬ್ಬಿಬ್ಬರ ತಂಡ, ಗಂಡ ಹೆಂಡತಿಯೂ ಸೇರಬಹುದು. ಇಬ್ಬರ ನಡುವೆ 2 ನಿಮಿಷಕ್ಕಿಂತ ಹೆಚ್ಚು ಅಂತರ ಆಗಬಾರದೆಂದು ನಿಯಮ.

ಪಿ.ಟಿ. ಸರ್ ಇದನ್ನು ಹೇಳಿದಾಗ ನನಗೆ ನಮ್ಮ ಅಜ್ಜ, ಆಯಿ ನೆನಪಾದರು. ಅವರು ಪ್ರತಿ ವರ್ಷ ಯುಗಾದಿಗೆ ಬಾಗಲಕೋಟೆ ಜಿಲ್ಲೆಯ ನಮ್ಮೂರಿಂದ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ ಗಂಟು ಆಯಿಯ ತಲೆ ಮೇಲೆ, ನೀರು ಅಜ್ಜನ ಹೆಗಲಿಗೆ. ಹೋದ ವರ್ಷ ನಲ್ಲಮಲ ಕಾಡಿನ ಭೀಮನಕೊಳ್ಳದ ಏರಿನಲ್ಲಿ ಅಜ್ಜ ಬಿರಬಿರನೆ ಮುಂದೆ ಹೋಗಿಬಿಟ್ಟರು. ಆಯಿ ಬಿಸಿಲಿಗೆ ತಲೆಸುತ್ತಿ ಕುಸಿದು ಕುಳಿತರು. ನೀರು ಅಜ್ಜನ ಹತ್ತಿರ! ಬೇರೆ ಊರಿನ ಯಾತ್ರಿಕರು ನೆರಳಿಗೆ ಕರೆದೊಯ್ದು ನೀರಿಗೆ ಉಪ್ಪು, ಬೆಲ್ಲ ಹಾಕಿ ಕುಡಿಸಿದರಂತೆ. ಬೆವರಿನಲ್ಲಿ ನೀರಿನ ಸಂಗಡ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗುತ್ತದೆ. ಓಟಗಾರರೂ ದಾರಿಯಲ್ಲಿ ಉಪ್ಪಿನ ತಿನಿಸು ತಿನ್ನುತ್ತಾರೆ.

ಅಜ್ಜ ತಿರುಗಿ ಬರಲು ಒಂದು ತಾಸು ಹಿಡಿಯಿತು. "ಮಲ್ಲಯ್ಯ ಎಲ್ಲಿಗರೆ ಓಡಿ ಹೊಂಟಿದ್ನೇನ್ರಿ?" ಎಂದು ಆಯಿ ಕೇಳಿದರಂತೆ. ಅಜ್ಜ ಮಾತಾಡಲಿಲ್ಲ.

ಈ ವರ್ಷ ಆಯಿ ಮುಂದೆ, ಅಜ್ಜ ಹಿಂದೆ ನಡೆದರು. ನೀರಿನ ಬಾಟಲಿ ಇಬ್ಬರಲ್ಲೂ ಇತ್ತು. ಶ್ರೀಶೈಲ ಮುಟ್ಟುವುದು ಒಂದು ದಿನ ತಡವಾಯಿತು. ಅಜ್ಜ ಅದನ್ನು ಇನ್ನೂ ಅನ್ನುತ್ತಲೇ ಇದ್ದಾರೆ.