ಸದ್ದು ಯಾವುದರದು, ಬಿಲ್ಲು ಯಾರದು?

ಎಲೆಕ್ಟ್ರಿಕ್ ಕಾರು ಕೊಳ್ಳುವಾಗ ಎಲ್ಲರೂ ಪೆಟ್ರೋಲ್ ಉಳಿತಾಯದ ಲೆಕ್ಕ ಹಾಕುತ್ತಾರೆ. ವಾರಂಟಿ ಪುಸ್ತಕವನ್ನು ಪೂರ್ತಿ ಓದುವವರು ಕಡಿಮೆ. ಅನೇಕ ಕಂಪನಿಗಳು ಬ್ಯಾಟರಿ ಮತ್ತು ಮೋಟಾರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ. ಡ್ರೈವ್ ಶಾಫ್ಟ್, ವೀಲ್ ಬೇರಿಂಗ್‌ನಂಥ ಭಾಗಗಳು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಅವಧಿಯ ವಾಹನ ವಾರಂಟಿಗೆ ಸೇರುತ್ತವೆ. ಟಯರ್ ಸವೆದರೆ ಖರ್ಚು ನಮ್ಮದೇ. ಆದ್ದರಿಂದ ಆಕ್ಸಿಲರೇಟರ್ ತುಳಿದಾಗ ಕಾರು ಜೋರಾಗಿ ಸದ್ದು ಮಾಡಿದರೆ, ಆ ಸದ್ದು ಎಲ್ಲಿ ಹುಟ್ಟಿತು ಎನ್ನುವುದೇ ದುಡ್ಡು ಯಾರ ಕಿಸೆಯಿಂದ ಹೋಗಬೇಕು ಎನ್ನುವುದನ್ನು ತೀರ್ಮಾನಿಸುತ್ತದೆ.

ಪುಣೆಯಲ್ಲಿ ನನಗೆ ಇದು ಅನುಭವಕ್ಕೆ ಬಂತು. ಕೋಥ್ರೂಡಿನಿಂದ ಚಾಂದನಿ ಚೌಕದ ಏರು ಹತ್ತುವಾಗ ಕಾರಿನ ಮುಂಭಾಗದಿಂದ ಗರಗರ ಸದ್ದು, ಜೊತೆಗೆ ಸಣ್ಣ ನಡುಕ. ತೋರಿಸಿದ ಸರ್ವಿಸ್ ಸೆಂಟರಿನಲ್ಲಿ ನಾಲ್ಕೂ ಟಯರ್ ಬದಲಿಸಬೇಕೆಂದು ಅಂದಾಜು ಪಟ್ಟಿ ಕೊಟ್ಟರು. ಒಪ್ಪಿಗೆ ಕೊಡುವ ಮುನ್ನ ಎರಡನೇ ಅಭಿಪ್ರಾಯ ಕೇಳಲು ಭೋಸರಿಗೆ ಹೋದೆ. ಅಲ್ಲಿ ವಿಜಯಪುರ ಜಿಲ್ಲೆಯಿಂದ ಬಂದು ನೆಲೆಸಿದ ಮೆಕ್ಯಾನಿಕ್ ಒಬ್ಬರಿದ್ದಾರೆ. "ಮೊದ್ಲ ಗಾಡಿ ಓಡಸೂಣ್ರಿ, ಉಳದದ್ದು ಆಮ್ಯಾಲ" ಎಂದರು.

ಹತ್ತಿರದ ಸ್ಪೈನ್ ರಸ್ತೆಯ ಸಮತಟ್ಟಿನಲ್ಲಿ ಒಂದೇ ವೇಗ ಹಿಡಿದು ಪೆಡಲ್ ತುಳಿಸಿದರು, ಸದ್ದು ಬಂತು. ಅದೇ ವೇಗದಲ್ಲಿ ಕಾಲು ತೆಗೆಸಿದರು, ತಕ್ಷಣ ನಿಂತಿತು. "ಕಾಲ ತಗದದ್ದು ಟಯರಿಗೆ ಗೊತ್ತಾಗೂದಿಲ್ರಿ" ಎಂದರು. ಟಯರಿನ ಸದ್ದು ಚಕ್ರದ ವೇಗಕ್ಕೆ ಅಂಟಿಕೊಂಡಿರುತ್ತದೆ, ಮೋಟಾರಿನ ಎಳೆತಕ್ಕಲ್ಲ. ಕಾರನ್ನು ಮೇಲೆತ್ತಿ ನೋಡಿದಾಗ ಎಡಗಡೆಯ ಡ್ರೈವ್ ಶಾಫ್ಟಿನಲ್ಲಿ ಮೋಟಾರಿನ ಕಡೆಯ ಕೀಲು, ಅಂದರೆ ಒಳ ಸಿ.ವಿ. ಜಾಯಿಂಟ್, ಸಡಿಲವಾಗಿತ್ತು. ಅವರು ಅದನ್ನು ಬಿಚ್ಚಲಿಲ್ಲ. ಹೊರಗೆ ಬಿಚ್ಚಿಸಿದರೆ ವಾರಂಟಿ ನಿರಾಕರಿಸಲು ನೆಪ ಸಿಕ್ಕಂತೆ ಎಂದು ಅವರಿಗೆ ಗೊತ್ತಿತ್ತು. ಪರೀಕ್ಷೆಗೆ ಕೊಟ್ಟ ಸಣ್ಣ ಶುಲ್ಕ, ನಾನು ಕಾರಿನ ಮೇಲೆ ಮಾಡಿದ ಖರ್ಚುಗಳಲ್ಲೇ ಅತ್ಯಂತ ಲಾಭದ್ದು. ಸರ್ವಿಸ್ ಸೆಂಟರಿಗೆ ಮರಳಿ, ಅಲ್ಲಿನ ತಂತ್ರಜ್ಞರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಪರೀಕ್ಷೆ ಮಾಡಿ ತೋರಿಸಿದೆ. ಶಾಫ್ಟ್ ವಾರಂಟಿಯಲ್ಲೇ ಬದಲಾಯಿತು, ಹಳೆಯ ಟಯರ್‌ಗಳು ಈಗಲೂ ಓಡುತ್ತಿವೆ.

ಎಲೆಕ್ಟ್ರಿಕ್ ಕಾರುಗಳಲ್ಲಿ ಸದ್ದು ಬೇಗ ಕಿವಿಗೆ ಬೀಳಲು ಕಾರಣವಿದೆ. ಮರೆಮಾಚಲು ಎಂಜಿನ್ನಿನ ಗದ್ದಲವಿಲ್ಲ. ಬ್ಯಾಟರಿಯ ಭಾರ ಹೆಚ್ಚು, ನಿಂತಲ್ಲಿಂದಲೇ ಮೋಟಾರು ಪೂರ್ಣ ಬಲದಿಂದ ಎಳೆಯುತ್ತದೆ. 1966ರಲ್ಲಿ ಸ್ಥಾಪನೆಯಾಗಿ ಈಗ ಕೋಥ್ರೂಡಿನ ಗುಡ್ಡದಲ್ಲಿರುವ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐಯಲ್ಲಿ ವಾಹನಗಳ ಸದ್ದು, ಕಂಪನಗಳ ಅಧ್ಯಯನಕ್ಕೇ ಪ್ರಯೋಗಾಲಯವಿದೆ. ನಮಗೆ ಖಾಲಿ ರಸ್ತೆ, ಫೋನಿನ ರೆಕಾರ್ಡರ್ ಮತ್ತು ಪಕ್ಕದಲ್ಲೊಬ್ಬರು ಇದ್ದರೆ ಸಾಕು.

ಪೆಡಲ್ ತುಳಿದಾಗಲೂ ಬಿಟ್ಟಾಗಲೂ ಒಂದೇ ಸಮನೆ ಗುಂಯ್‌ಗುಟ್ಟಿದರೆ ಟಯರ್ ಅಥವಾ ವೀಲ್ ಬೇರಿಂಗ್. ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಸದ್ದು ಬದಲಾದರೆ ಟಯರಿನ ಮೇಲೆ ಅನುಮಾನ, ನಿಧಾನವಾದ ತಿರುವಿನಲ್ಲಿ ಒಂದು ಬದಿಗೆ ಹೆಚ್ಚಾದರೆ ಬೇರಿಂಗ್ ಮೇಲೆ. ಹೊಸ ಟಯರ್ ಕೊಳ್ಳುವ ಮುನ್ನ ಮುಂದಿನದನ್ನು ಹಿಂದಕ್ಕೆ ಹಾಕಿಸಿ. ಸದ್ದೂ ಹಿಂದಕ್ಕೆ ಹೋದರೆ ಮಾತ್ರ ತಪ್ಪು ಟಯರಿನದು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕಟಕ ಎಂದರೆ ಹೊರ ಸಿ.ವಿ. ಜಾಯಿಂಟ್. ತುಳಿದ ಕ್ಷಣ ಧಡ್ ಎಂದು ಒಮ್ಮೆ ಬಡಿದರೆ ಮೋಟಾರ್ ಮೌಂಟ್ ಅಥವಾ ಸಸ್ಪೆನ್ಷನ್ ಬುಶ್. ಎಳೆಯುವಾಗಲೂ, ಕಾಲು ತೆಗೆದಾಗ ಮೋಟಾರೇ ವೇಗ ತಗ್ಗಿಸುವ ರೀಜನ್ ಬ್ರೇಕಿನಲ್ಲೂ ಸೀಟಿಯಂಥ ದನಿ ಏರಿಳಿದರೆ ರಿಡಕ್ಷನ್ ಗೇರ್. ಸಣ್ಣ ದನಿ ಸಹಜ, ದಿನೇ ದಿನೇ ಜೋರಾದರೆ ಗೇರ್ ಆಯಿಲ್ ಮತ್ತು ಬೇರಿಂಗ್ ಪರೀಕ್ಷಿಸಬೇಕು. ಕಾರಿನ ಅಡಿಯ ಪ್ಲಾಸ್ಟಿಕ್ ಹೊದಿಕೆಯ ಒಂದು ಕ್ಲಿಪ್ ಸಡಿಲವಾಗಿದ್ದರೂ ಗಾಳಿಗೆ ಬಡಿದು ದೊಡ್ಡ ಸದ್ದಾಗುತ್ತದೆ. ಅದನ್ನು ಎಲ್ಲಕ್ಕಿಂತ ಮೊದಲು ನೋಡಿಸಿ. ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರ ಮಾತ್ರ ಯಾರೂ ಕೈ ಹಾಕಬಾರದು, ಅದು ಪ್ರಾಣ ತೆಗೆಯುವ ವೋಲ್ಟೇಜ್.

ಇನ್ನು ಹಣದ ಮಾತು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ 18% ಆಗಿದೆ. ₹20,000ದ ಭಾಗವನ್ನು ಅನವಶ್ಯಕವಾಗಿ ಹಾಕಿಸಿದರೆ ತೆರಿಗೆಯೇ ₹3,600, ಕೂಲಿ ಬೇರೆ. ಆದ್ದರಿಂದ ಭಾಗ ಬದಲಿಸುವ ಮುನ್ನ ತಪಾಸಣೆಯ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಜಾಬ್ ಕಾರ್ಡಿನಲ್ಲಿ "ಸದ್ದು ಬರುತ್ತದೆ" ಎಂದಷ್ಟೇ ಬರೆಸಬೇಡಿ. ಯಾವ ವೇಗದಲ್ಲಿ, ಪೆಡಲ್ ತುಳಿದಾಗಲೋ ಬಿಟ್ಟಾಗಲೋ, ಯಾವ ಬದಿಯಿಂದ ಎನ್ನುವುದು ದಾಖಲಾಗಲಿ. ವಾರಂಟಿ ಮುಗಿಯುವ ಮುನ್ನ ಬರೆಸಿದ ದೂರು ಮುಂದೆ ನಿಮ್ಮ ಪರ ಸಾಕ್ಷಿ ಹೇಳುತ್ತದೆ.

ಆದರೂ ಸರ್ವಿಸ್ ಸೆಂಟರಿನವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ, ₹50 ಲಕ್ಷದವರೆಗೆ ಬೆಲೆ ತೆತ್ತ ಸರಕಿನ ದೂರು ಜಿಲ್ಲಾ ಆಯೋಗಕ್ಕೆ ಹೋಗುತ್ತದೆ. ₹10 ಲಕ್ಷದಿಂದ ₹20 ಲಕ್ಷದ ನಡುವಿನ ಕಾರಿಗೆ ದೂರಿನ ಶುಲ್ಕ ಬರೀ ₹400.

ಕೊನೆಯದಾಗಿ, ಪ್ರತಿ ತಿಂಗಳು ಉಳಿಯುವ ಪೆಟ್ರೋಲ್ ಹಣದ ಒಂದು ಪಾಲನ್ನು ಬೇರೆ ಆರ್‌ಡಿಯಲ್ಲಿ ಕಟ್ಟಿ. ಟಯರ್, ಬುಶ್, ಸಸ್ಪೆನ್ಷನ್ ಒಂದು ದಿನ ಸವೆದೇ ಸವೆಯುತ್ತವೆ. ನ್ಯಾಯವಾಗಿ ನಮ್ಮದಾದ ಆ ಬಿಲ್ಲಿಗೆ ಹಣ ಸಿದ್ಧವಿದ್ದರೆ, ನಮ್ಮದಲ್ಲದ ಬಿಲ್ಲನ್ನು ಬೇಡವೆನ್ನಲು ಧೈರ್ಯವೂ ಇರುತ್ತದೆ.