ಹಳೆಯ ಕಂಪ್ಯೂಟರಿಗೆ ಹೊಸ ರ‍್ಯಾಮ್

ರಾಜಗೋಪಾಲನಗರದ ಮಹನೀಯರೇ,

ಪೀಣ್ಯದ ಕಾರ್ಖಾನೆಗಳಿಗೆ ಬಿಡಿಭಾಗಗಳ ನಕ್ಷೆ ರಚಿಸುವ ತಮ್ಮ ಡೆಸ್ಕ್‌ಟಾಪು 4 ಜಿಬಿ ರ‍್ಯಾಮಿನಿಂದಾಗಿ ಏದುಸಿರು ಬಿಡುತ್ತಿದೆಯೆಂದು ಬರೆದಿದ್ದೀರಿ. ಕೆಲಸ ನಡೆದಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು, ಮೆಮೊರಿ ತುಂಬಿಹೋಗುತ್ತಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಿರಿ. ತುಂಬದಿದ್ದಲ್ಲಿ ದೋಷವು ಅನ್ಯತ್ರ, ಬಹುಶಃ ಹಾರ್ಡ್ ಡಿಸ್ಕಿನಲ್ಲಿ ಇದ್ದೀತು. ವಿಂಡೋಸ್ 32 ಬಿಟ್ಟಿನದಾಗಿದ್ದರೆ, ಅದನ್ನು 64 ಬಿಟ್ಟಿಗೆ ಬದಲಿಸದೆ ರ‍್ಯಾಮ್ ಹೆಚ್ಚಿಸುವುದು ವ್ಯರ್ಥವ್ಯಯ.

ರ‍್ಯಾಮಿನ ಪೀಳಿಗೆಗಳಲ್ಲಿ ಡಿಡಿಆರ್3ಕ್ಕೆ 240 ಪಿನ್ನುಗಳು, ವಿದ್ಯುತ್ತು ಸಾಮಾನ್ಯವಾಗಿ 1.5 ವೋಲ್ಟು; ಡಿಡಿಆರ್4ಕ್ಕೆ 288 ಪಿನ್ನುಗಳು, 1.2 ವೋಲ್ಟು, ಡಿಡಿಆರ್5ಕ್ಕೂ ಪಿನ್ನುಗಳು ಅಷ್ಟೇ ಆದರೂ ಕಚ್ಚಿನ ಸ್ಥಾನ ಬೇರೆಯಾದ ಕಾರಣ, ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂಡದು. ಆದುದರಿಂದ ಮದರ್‌ಬೋರ್ಡಿನ ಮಾದರಿಯನ್ನೂ, ಅದು ತಾಳುವ ಗರಿಷ್ಠ ಪ್ರಮಾಣವನ್ನೂ ಬರೆದುಕೊಂಡೇ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿರಿ, ಸಾಧ್ಯವಾದರೆ ಹಳೆಯ ರ‍್ಯಾಮನ್ನೂ ಒಯ್ಯಿರಿ. ಒಂದೇ 16 ಜಿಬಿಗಿಂತ 8 ಜಿಬಿಯ ಸಮಜೋಡಿಯು, ಡ್ಯುಯಲ್ ಚಾನೆಲ್ಲಿನ ಬಲದಿಂದ, ಹೆಚ್ಚು ವೇಗ ಕೊಡುವುದು.

ಹಣದ ಅಡಚಣೆಯಿದ್ದರೆ ಬಳಸಿದ ರ‍್ಯಾಮ್ ಕೊಳ್ಳಲು ಅಂಜಬೇಡಿರಿ. ಚಲಿಸುವ ಅಂಗಗಳಿಲ್ಲದ ಈ ವಸ್ತುವು ಸವೆಯುವುದು ವಿರಳ. ಆದರೆ ಸರಣಿ ಸಂಖ್ಯೆ ನಮೂದಿಸಿದ ಬಿಲ್ಲನ್ನೂ, ಕೆಲವು ದಿನಗಳೊಳಗೆ ಬದಲಿಸಿಕೊಡುವ ಮಾತನ್ನೂ ಪಡೆಯದೆ ಹಣ ತೆರಬೇಡಿರಿ. ಮನೆಯಲ್ಲಿ ವಿದ್ಯುತ್ ಸಂಪರ್ಕ ತೆಗೆದು, ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟಿ, ರ‍್ಯಾಮನ್ನು ಸ್ಲಾಟಿನಲ್ಲಿಟ್ಟು ಎರಡೂ ಕೊಕ್ಕೆಗಳು ಟಕ್ಕೆಂದು ಕೂಡುವವರೆಗೆ ಒತ್ತಿರಿ. ಆ ರಾತ್ರಿಯೆಲ್ಲ, ರ‍್ಯಾಮನ್ನು ಪರೀಕ್ಷಿಸುವ ತಂತ್ರಾಂಶವಾದ ಮೆಮ್‌ಟೆಸ್ಟ್86 ಓಡಿಸಿರಿ. ಒಂದೇ ಒಂದು ದೋಷ ಕಂಡರೂ, ನಕ್ಷೆಗಳನ್ನು ಅದಕ್ಕೆ ಒಪ್ಪಿಸದೆ, ಅಂಗಡಿಗೆ ಹಿಂದಿರುಗಿಸಿರಿ.