ಯರಿ ಹೊಲ ಕಲಿಸಿದ್ದು

ಕಲಬುರಗಿ ಜಿಲ್ಲೆಯ ಸೊನ್ನದ ಸುತ್ತ ಭೀಮಾ ನದಿ ದಂಡೆಯಲ್ಲಿ ನಮ್ಮದೆಲ್ಲ ಯರಿ ಭೂಮಿ, ಅಂದರೆ ಕಪ್ಪು ಮಣ್ಣು. ತೊಗರಿ, ಬಿಳಿಜೋಳ, ಈಚೆಗೆ ಕಬ್ಬು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಊರೆಲ್ಲ ಹಿಗ್ಗಿತು. ಆ ಬೇಳೆ ಬೆಳೆಯುವ ಮಣ್ಣಿನ ಬಗ್ಗೆ ನನಗೆ ತಿಳಿದದ್ದು ಬಹಳ ತಡವಾಗಿ.

1. ತೊಗರಿ ಮೇಲೆ ತೊಗರಿ ಬಿತ್ತಬಾರದು

ರೇಟು ಚಲೋ ಇದೆ ಅಂತ ಜೋಳ ಬಿಟ್ಟು ವರ್ಷ ವರ್ಷವೂ ತೊಗರಿಯನ್ನೇ ಬಿತ್ತಿದೆ. ಹೂ ಬಿಡುವ ಹೊತ್ತಿಗೆ ಅಲ್ಲಲ್ಲಿ ಗಿಡ ಬಾಡತೊಡಗಿದವು. ಹಸಿ ಸಾಲದೇನೋ ಅಂದುಕೊಂಡು ಸುಮ್ಮನಿದ್ದೆ. ಹಿರಿಯರೊಬ್ಬರು ಬಂದು ಬಾಡಿದ ಗಿಡ ಕಿತ್ತು ಕಾಂಡ ಸೀಳಿ ತೋರಿಸಿದರು. ಸಿಪ್ಪೆಯೊಳಗೆ ಕಪ್ಪು ಗೆರೆ: ನೆಟೆ ರೋಗ. ಈ ರೋಗದ ಶಿಲೀಂಧ್ರ ಹೊಲದಲ್ಲಿ ಉಳಿದ ಕೂಳೆ, ಬೇರುಗಳಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಅದಕ್ಕೆ ಪ್ರತಿ ವರ್ಷ ಊಟ ಹಾಕಿದವನು ನಾನೇ. ಈಗ ಜೋಳದ ಸರದಿ ತಪ್ಪಿಸುವುದಿಲ್ಲ. ತೊಗರಿ ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಲೇಪಿಸುತ್ತೇನೆ, ತಿಪ್ಪೆ ಗೊಬ್ಬರದಲ್ಲೂ ಕಲೆಸುತ್ತೇನೆ. ರೋಗ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ.

2. ನೀರು ತರುವ ಮೊದಲು ಬಸಿಯುವ ದಾರಿ ನೋಡಿ

ಸೊನ್ನ ಬ್ಯಾರೇಜಿನಿಂದ ಹೊಳೆಯಲ್ಲಿ ನೀರು ನಿಂತಿತು. ನಾನೂ ಪಂಪ್ ಇಳಿಸಿ ಕಬ್ಬು ಹಚ್ಚಿದೆ. ಕರೆಂಟು ಇದ್ದಷ್ಟು ಹೊತ್ತೂ ನೀರು ಬಿಡುತ್ತಿದ್ದೆ. ಯರಿ ಮಣ್ಣು ನೀರು ಕುಡಿದು ಉಬ್ಬಿತೆಂದರೆ ಅದರ ಸಂದುಗಳೆಲ್ಲ ಮುಚ್ಚಿಕೊಳ್ಳುತ್ತವೆ, ನೀರು ಕೆಳಗಿಳಿಯುವುದಿಲ್ಲ. ಬೇಸಿಗೆ ಬಿಸಿಲಿಗೆ ಆ ತೇವ ಮೇಲೇರಿ ಆರುವಾಗ ಒಳಗಿನ ಉಪ್ಪನ್ನು ಹೊತ್ತು ತರುತ್ತದೆ. ತಗ್ಗಿನ ಮೂಲೆಯಲ್ಲಿ ಮೊದಲು ಕಂಡದ್ದು ಬೂದಿ ಚೆಲ್ಲಿದಂಥ ಬಿಳಿ ಪದರ. ಮುಂದಿನ ಸಲ ಅಲ್ಲಿ ಕಬ್ಬಿನ ಕಣ್ಣು ಒಡೆಯಲೇ ಇಲ್ಲ. ಯಾರೋ ಹೇಳಿದರೆಂದು ಜಿಪ್ಸಮ್ ಚೆಲ್ಲಿದೆ, ಹಣ ಹೋಯಿತು. ಜಿಪ್ಸಮ್ ಕೆಲಸ ಮಾಡುವುದು ಸೋಡಿಯಂ ಹೆಚ್ಚಿದ್ದಾಗ. ಅದು ಬಿಡಿಸಿದ ಉಪ್ಪು ಹೊರಗೆ ಹೋಗಲು ಬಸಿಗಾಲುವೆಯೂ ಬೇಕು. ಎರಡನ್ನೂ ನಾನು ನೋಡಿರಲಿಲ್ಲ. ನೀರಾವರಿ ಬೇಡ ಎನ್ನುತ್ತಿಲ್ಲ, ಬರದ ನಾಡಿಗೆ ಅದು ದೊಡ್ಡ ಆಸರೆ. ಆದರೆ ಉಪ್ಪೇರಿ ಸವುಳಾದ ನೆಲ ಮತ್ತೆ ಅನ್ನ ಕೊಡಲು ಎಷ್ಟು ಕಾಲ ಹಿಡಿಯುತ್ತದೆ ಎನ್ನುವುದು ಆ ಮೂಲೆ ನೋಡಿದವರಿಗೇ ಗೊತ್ತು.

3. ಬದುವಿನ ಪಕ್ಕದ ಮಣ್ಣು ಹೊಲದ ಮಣ್ಣಲ್ಲ

ಮೊದಲ ಸಲ ಮಣ್ಣು ಪರೀಕ್ಷೆಗೆ ಬದುವಿನ ಹತ್ತಿರದ ಒಂದು ಹಿಡಿ ಕೊಟ್ಟಿದ್ದೆ. ಹೊಲದಲ್ಲಿ ಅಂಕುಡೊಂಕಾಗಿ ನಡೆದು, ಹತ್ತಾರು ಕಡೆ ಅರ್ಧ ಅಡಿ ಆಳದಿಂದ ತೆಗೆದು ಕಲೆಸಿ ಕೊಡಬೇಕು. ಹಾಗೆ ಕೊಟ್ಟಾಗ ಸಾವಯವ ಇಂಗಾಲ ಶೇಕಡಾ ಅರ್ಧಕ್ಕಿಂತ ಕಡಿಮೆ, ಸತುವೂ ಕಡಿಮೆ ಎಂದು ಬಂತು. ಎಷ್ಟು ಯೂರಿಯಾ ಸುರಿದರೂ ಇಳುವರಿ ಏಕೆ ಏರುತ್ತಿರಲಿಲ್ಲ ಎಂಬುದು ಆಗ ಅರ್ಥವಾಯಿತು.

4. ಹೊಟ್ಟು ಹೊಲಕ್ಕೇ ಸಲ್ಲಲಿ

ರಾಶಿ ಮುಗಿದ ಮೇಲೆ ತೊಗರಿ ಕಟ್ಟಿಗೆ, ಕಸ ಎಲ್ಲಾ ಒಟ್ಟಿ ಸುಡುತ್ತಿದ್ದೆ. ಈಗ ನೆಟೆ ಹತ್ತಿದ ಗಿಡಗಳನ್ನು ಮಾತ್ರ ಬೇರು ಸಮೇತ ಕಿತ್ತು ಸುಡುತ್ತೇನೆ. ದನ ತಿಂದುಳಿದ ಹೊಟ್ಟು, ಉದುರಿದ ಎಲೆ ತಿಪ್ಪೆಗೆ ಹೋಗುತ್ತವೆ, ಕಬ್ಬಿನ ರವದಿ, ಅಂದರೆ ಒಣ ಎಲೆ, ಸಾಲಿನ ನಡುವೆ ಬೀಳುತ್ತದೆ. ರವದಿ ಹಾಸಿದ ಕಡೆ ನೆಲದ ಬಿರುಕು ಸಣ್ಣದು. ಎತ್ತಿ ನೋಡಿದರೆ ಎರೆಹುಳದ ಹಿಕ್ಕೆ ಕಾಣುತ್ತದೆ.